ಕ್ರಮವಿಧಿ ರಚನೆಯ ಕಲಿಕೆಗೆ ಸ್ಫೂರ್ತಿಯೆಲ್ಲಿ?



ಗಣಕಯಂತ್ರವು ಇಂದು ಯಾರಿಗೂ ಹೊಸ ವಸ್ತುವಲ್ಲ. ಅಂಗಡಿಯ ಲೆಕ್ಕ, ರೈಲಿನ ಟಿಕೆಟು, ಬ್ಯಾಂಕಿನ ಖಾತೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ಅದರ ಮೂಲಕವೇ ನಡೆಯುತ್ತವೆ. ಆದರೆ ಯಂತ್ರವನ್ನು ಬಳಸುವುದು ಬೇರೆ, ಯಂತ್ರಕ್ಕೆ ಕೆಲಸವನ್ನು ಕಲಿಸುವುದು ಬೇರೆ. ಈ ಎರಡನೆಯ ವಿದ್ಯೆಗೆ ಕ್ರಮವಿಧಿ ರಚನೆ, ಎಂದರೆ ಪ್ರೋಗ್ರಾಮಿಂಗ್ ಎಂದು ಹೆಸರು. ಇದನ್ನು ಕಲಿಯಬೇಕೆಂಬ ಆಸೆ ನಮ್ಮಲ್ಲಿ ಹಲವರಿಗುಂಟು, ಆರಂಭಿಸಿದವರೂ ಉಂಟು. ಆದರೆ ಎರಡು ವಾರಗಳಲ್ಲಿ ಉತ್ಸಾಹ ತಗ್ಗಿ, "ಇದು ಇಂಗ್ಲಿಷ್ ಮಾಧ್ಯಮದವರಿಗೆ ತಕ್ಕ ವಿದ್ಯೆ, ನಮಗಲ್ಲ" ಎಂದು ಪುಸ್ತಕವನ್ನು ಮುಚ್ಚಿಡುವವರೂ ಕಡಮೆಯಿಲ್ಲ. ಈ ಮಾತು ಎಷ್ಟರಮಟ್ಟಿಗೆ ನಿಜ? ಕಲಿಕೆಗೆ ಬೇಕಾದ ಸ್ಫೂರ್ತಿಯು ದೊರೆಯುವುದೆಲ್ಲಿ? ಇಲ್ಲಿ ಅದನ್ನಿಷ್ಟು ವಿಚಾರಿಸೋಣ.

ಕ್ರಮವಿಧಿಯೆಂದರೇನು?

ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಸಂದೇಹಕ್ಕೆಡೆಯಿಲ್ಲದಂತೆ ಅನುಕ್ರಮವಾಗಿ ಬರೆದಿಟ್ಟರೆ ಅದೇ ಕ್ರಮವಿಧಿ. ನಮಗೆಲ್ಲ ಪರಿಚಿತವಾದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಕಲ್ಯಾಣದಿಂದ ಠಾಣೆಗೆ ಹೋಗುವ ಸ್ಲೋ ಲೋಕಲ್ ಗಾಡಿಯ ನಿಲ್ದಾಣಗಳಿಗೆ ಸಂಖ್ಯೆ ಕೊಡಿರಿ: ಕಲ್ಯಾಣ 1, ಠಾಕುರ್ಲಿ 2, ಡೊಂಬಿವಲಿ 3, ಕೋಪರ್ 4, ದಿವಾ 5, ಮುಂಬ್ರಾ 6, ಕಳ್ವಾ 7, ಠಾಣೆ 8. ಹತ್ತುವ ಮತ್ತು ಇಳಿಯುವ ನಿಲ್ದಾಣಗಳನ್ನು ಹೇಳಿದರೆ ನಡುವೆ ಎಷ್ಟು ನಿಲ್ದಾಣಗಳಿವೆಯೆಂದು ಯಂತ್ರವು ತಿಳಿಸಬೇಕು. ಇಳಿಯುವ ಸಂಖ್ಯೆಯಿಂದ ಹತ್ತುವ ಸಂಖ್ಯೆಯನ್ನು ಕಳೆದು, ಮತ್ತೆ ಒಂದನ್ನು ಕಳೆದರಾಯಿತು. ಡೊಂಬಿವಲಿಯಿಂದ ಠಾಣೆಗೆ: 8ರಲ್ಲಿ 3 ಕಳೆದರೆ 5, ಅದರಲ್ಲಿ 1 ಕಳೆದರೆ 4. ಉತ್ತರವು ಸರಿಯಾಗಿದೆ.

ಆದರೆ ಸಂಜೆ ಠಾಣೆಯಿಂದ ಡೊಂಬಿವಲಿಗೆ ಹಿಂದಿರುಗುವವನು ಕೇಳಿದರೆ? 3ರಲ್ಲಿ 8 ಕಳೆದು, ಮತ್ತೆ 1 ಕಳೆದಾಗ ಋಣ 6 ಎಂಬ ಉತ್ತರ ಬರುತ್ತದೆ. ಋಣ ಆರು ನಿಲ್ದಾಣಗಳು ಯಾವ ಹಳಿಯ ಮೇಲೂ ಇಲ್ಲ. ಇಲ್ಲಿ ಯಂತ್ರದ ದೋಷವೇನೂ ಇಲ್ಲ. ನಾವು ಕೊಟ್ಟ ವಿಧಿಯೇ ಅಪೂರ್ಣ. "ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆ" ಎಂದು ತಿದ್ದಿದೊಡನೆ ಎರಡು ದಿಕ್ಕುಗಳಿಗೂ ಉತ್ತರ ಸರಿಹೋಗುತ್ತದೆ. ಹೀಗೆ ತಪ್ಪನ್ನು ಕಂಡುಹಿಡಿದು ತಿದ್ದಿದಾಗ ಮನಸ್ಸಿಗೆ ಆಗುವ ಸಂತೋಷವೇ ಈ ವಿದ್ಯೆಯ ಮೊದಲನೆಯ ಸ್ಫೂರ್ತಿ. ತಪ್ಪು ಉತ್ತರ ಬಂದಿತೆಂದು ಬೇಸರಿಸುವವನು ಆ ಸಂತೋಷದ ಬಾಗಿಲಿನಿಂದಲೇ ಹಿಂದಿರುಗಿದಂತೆ.

ನಮ್ಮ ಮಗ್ಗುಲಲ್ಲೇ ನಡೆದ ಸಾಹಸ

"ಮನೆಯಲ್ಲಿ ಗಣಕಯಂತ್ರವಿಲ್ಲ, ಕಲಿಯುವುದು ಹೇಗೆ?" ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಮುಂಬಯಿಯ ಇತಿಹಾಸವೇ ಉತ್ತರ ಹೇಳುತ್ತದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಭಾರತೀಯರೇ ಒಂದು ಗಣಕಯಂತ್ರವನ್ನು ಕಟ್ಟಿದರು. ಅದು 1960ರಲ್ಲಿ ಕಾರ್ಯಾರಂಭ ಮಾಡಿತು; 1962ರಲ್ಲಿ ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ಅದಕ್ಕೆ ಟಿಫ್ರಾಕ್ ಎಂದು ನಾಮಕರಣ ಮಾಡಿದರು. ಅದರಲ್ಲಿ ಸುಮಾರು 2,700 ನಿರ್ವಾತ ನಳಿಕೆಗಳಿದ್ದವು. ನೆನಪಿನ ಶಕ್ತಿಯಾದರೋ ಇಂದಿನ ಲೆಕ್ಕದಲ್ಲಿ ಕೇವಲ ಹತ್ತು ಕಿಲೋಬೈಟ್. ನಮ್ಮ ಮೊಬೈಲಿನ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಸದು. ಕಟ್ಟಿದವರಲ್ಲಿ ಬಹುಮಂದಿ ಅದಕ್ಕೆ ಮೊದಲು ಗಣಕಯಂತ್ರವನ್ನು ಬಳಸಿದವರೇ ಅಲ್ಲ. ಆ ಕಾಲದಲ್ಲಿ ಕ್ರಮವಿಧಿಯನ್ನು ಮೊದಲು ಕಾಗದದ ಮೇಲೆ ಬರೆದು, ಚೆನ್ನಾಗಿ ಪರಿಶೀಲಿಸಿ, ಆಮೇಲೆ ಯಂತ್ರಕ್ಕೆ ಊಡಿಸುತ್ತಿದ್ದರು. ಮೇಲಿನ ನಿಲ್ದಾಣಗಳ ಲೆಕ್ಕಕ್ಕೂ ನಮಗೆ ಬೇಕಾದುದು ಪೆನ್ಸಿಲು ಮತ್ತು ಕಾಗದ ಮಾತ್ರ. ಯಂತ್ರವು ದೊರೆಯುವ ದಿನಕ್ಕಾಗಿ ಕಾಯಬೇಕಾಗಿಲ್ಲ. ವಿಚಾರವನ್ನು ಇಂದೇ ಆರಂಭಿಸಬಹುದು.

ಕನ್ನಡಕ್ಕಾಗಿ ದುಡಿದ ಬುದ್ಧಿ

ದಕ್ಷಿಣ ಕನ್ನಡದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ. ಪಿ. ರಾವ್ ಅವರು ಮುಂಬಯಿಯ ಈ ಟಾಟಾ ಸಂಸ್ಥೆಯಲ್ಲಿಯೇ ಕೆಲಸ ಮಾಡಿ, ಬಳಿಕ ಅಕ್ಷರ ಜೋಡಣೆಯ ಕ್ಷೇತ್ರಕ್ಕೆ ಬಂದವರು. ಅವರ ಮುಂದಿದ್ದ ಪ್ರಶ್ನೆ ಕನ್ನಡದ್ದು. ಇಂಗ್ಲಿಷಿನ ಕೀಲಿಮಣೆಯಲ್ಲಿ ಅಕ್ಷರದ ಕೀಲಿಗಳು 26. ಕನ್ನಡದಲ್ಲಿ ವ್ಯಂಜನಗಳೇ 34, ಒಂದೊಂದಕ್ಕೂ ಕಾಗುಣಿತದ 15 ರೂಪಗಳು, ಗುಣಿಸಿದರೆ 510. ಒತ್ತಕ್ಷರಗಳು ಇದಕ್ಕೆ ಹೊರತು. ಇಷ್ಟನ್ನೆಲ್ಲ 26 ಕೀಲಿಗಳಲ್ಲಿ ಅಡಗಿಸುವುದು ಹೇಗೆ?

ಕೀಲಿಗಳನ್ನು ಹೆಚ್ಚಿಸದೆ ನಿಯಮವನ್ನು ಕಂಡುಕೊಂಡದ್ದೇ ಇಲ್ಲಿಯ ಜಾಣ್ಮೆ. ಕನ್ನಡವು ಉಚ್ಚಾರಕ್ಕೆ ತಕ್ಕಂತೆ ಬರೆಯುವ ಭಾಷೆಯಷ್ಟೆ. ಆದುದರಿಂದ ಸ್ವರದ ಕೀಲಿಯನ್ನು ಒತ್ತಿದಾಗ ಯಂತ್ರವು ಹಿಂದಿನ ಅಕ್ಷರವನ್ನು ನೋಡಬೇಕು. ಅದು ವ್ಯಂಜನವಾಗಿದ್ದರೆ ಗುಣಿತದ ಚಿಹ್ನೆಯನ್ನು ಸೇರಿಸಬೇಕು. ಇಲ್ಲವಾದರೆ ಪೂರ್ಣ ಸ್ವರವನ್ನೇ ಬರೆಯಬೇಕು. ಒಂದೇ ಕೀಲಿ ಪದದ ಆದಿಯಲ್ಲಿ "ಇ" ಆಗುತ್ತದೆ, "ಕ" ಅಕ್ಷರದ ಮುಂದೆ "ಕಿ" ಆಗುತ್ತದೆ. ಎರಡು ವ್ಯಂಜನಗಳನ್ನು ಕೂಡಿಸಲು ಎಫ್ ಕೀಲಿ ಒಂದೇ ಸಾಕು. ಕರ್ನಾಟಕ ಸರ್ಕಾರವು ಅಂಗೀಕರಿಸಿದ ಕೀಲಿಮಣೆಗೆ ರಾವ್ ಅವರ ಈ ವಿನ್ಯಾಸವೇ ಆಧಾರ. ತಾವು ರಚಿಸಿದ ಕನ್ನಡ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ನಾವು ಮೂರನೆಯ ತರಗತಿಗೆ ಮೊದಲೇ ಕಲಿತ ಕಾಗುಣಿತವು ಇಲ್ಲಿ ಹೇಗೆ ಯಂತ್ರಶಾಸ್ತ್ರದ ಸೂತ್ರವಾಯಿತೆಂಬುದನ್ನು ಗಮನಿಸಿರಿ. ಕನ್ನಡ ಬಲ್ಲವನಿಗೆ ಈ ಪ್ರಶ್ನೆ ಹೊಳೆಯಿತು. ಕನ್ನಡ ಬಲ್ಲವನಿಗೇ ಉತ್ತರವೂ ಹೊಳೆಯಿತು.

ಇಂಗ್ಲಿಷಿನ ಭಯ

ಈಗ ಭಾಷೆಯ ಭಯಕ್ಕೆ ಬರೋಣ. ಪೈಥಾನ್ ಎಂಬುದು ಆರಂಭದ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಕ್ರಮವಿಧಿಭಾಷೆ, 1991ರಲ್ಲಿ ಪ್ರಕಟವಾಯಿತು. ಅದರ ಮೀಸಲು ಪದಗಳು 35 ಮಾತ್ರ. ಒಂದು ಪಾಠದ ಕಠಿನ ಪದಗಳ ಪಟ್ಟಿಯೂ ಕೆಲವೊಮ್ಮೆ ಇದಕ್ಕಿಂತ ಉದ್ದವಿರುತ್ತದೆ. ಮೇಲಾಗಿ, ಲೆಕ್ಕದಲ್ಲಿ ಬರುವ ರಾಶಿಗಳಿಗೆ "ಬೆಲೆ", "ಮೊತ್ತ" ಎಂದು ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಅದರಲ್ಲಿ ಅವಕಾಶವಿದೆ. ಮುಂದೆ ದೊಡ್ಡ ಗ್ರಂಥಗಳನ್ನು ಓದಲು ಇಂಗ್ಲಿಷ್ ಬೇಕೆಂಬುದು ನಿಜ. ಅದನ್ನು ಕಲಿಯಲೂ ಬೇಕು. ಆದರೆ ತರ್ಕಕ್ಕೆ ಮಾಧ್ಯಮವೆಂಬುದಿಲ್ಲ. ಕನ್ನಡದಲ್ಲಿ ಗಣಿತವನ್ನು ಚೆನ್ನಾಗಿ ಕಲಿತವನು ಅರ್ಧ ದಾರಿ ನಡೆದಾಗಿದೆ.

"ಈಗ ಯಂತ್ರಗಳೇ ಕ್ರಮವಿಧಿಗಳನ್ನು ಬರೆಯುತ್ತವೆಯಲ್ಲ, ನಾವೇಕೆ ಕಲಿಯಬೇಕು?" ಎಂದು ಕೇಳುವವರಿದ್ದಾರೆ. ಬರೆದುಕೊಡುವ ಯಂತ್ರಗಳು ಬಂದಿರುವುದು ನಿಜವೇ. ಆದರೆ ಋಣ ಆರು ನಿಲ್ದಾಣಗಳೆಂಬ ಉತ್ತರ ಬಂದಾಗ, ಇದು ತಪ್ಪು, ತಪ್ಪಿರುವುದು ಇಲ್ಲಿ ಎಂದು ಹೇಳಬಲ್ಲವನು ಬೇಕಲ್ಲವೆ? ಆ ವಿವೇಕವು ಸ್ವತಃ ಬರೆದು ತಿದ್ದಿದವನಿಗಲ್ಲದೆ ಬಾರದು.

ಸ್ಫೂರ್ತಿಯನ್ನು ಉಳಿಸಿಕೊಳ್ಳುವ ಬಗೆ

ಹಿಂದೆ ಕಾರ್ಖಾನೆಗಳಿಗೆ ಹೆಸರಾಗಿದ್ದ ಠಾಣೆ–ಬೇಲಾಪುರ ರಸ್ತೆಯಲ್ಲಿ ಈಗ ಐರೋಲಿ, ಮಹಾಪೆಗಳ ಗಣಕ ಸಂಸ್ಥೆಗಳ ಸೌಧಗಳು ಎದ್ದಿವೆ. ಅಲ್ಲಿ ಉದ್ಯೋಗ ದೊರೆಯಲೆಂಬ ಆಸೆ ಸಹಜವಾದುದೇ. ಆದರೆ ಹತ್ತು ವರ್ಷಗಳಾಚೆಯ ಸಂಬಳವು ಇಂದಿನ ಬೇಸರವನ್ನು ನೀಗಿಸಲಾರದು. ಅದನ್ನು ನೀಗಿಸುವುದು ನಮ್ಮದೇ ಆದ ಒಂದು ಚಿಕ್ಕ ಪ್ರಶ್ನೆ. ತಂದೆಯ ಅಂಗಡಿಯ ಉದ್ರಿ ಲೆಕ್ಕವಿರಲಿ, ತರಗತಿಯ ಹಾಜರಿಯಿರಲಿ, ಒಂದನ್ನು ಹಿಡಿಯಿರಿ. ದಿನಕ್ಕೆ ಅರ್ಧ ಗಂಟೆ ಅದರೊಡನೆ ಕಳೆಯಿರಿ. ಇಬ್ಬರು ಗೆಳೆಯರು ಕೂಡಿ ಒಬ್ಬರ ಬರಹವನ್ನು ಇನ್ನೊಬ್ಬರು ಪರೀಕ್ಷಿಸಿರಿ. ಸ್ಫೂರ್ತಿ ಬಂದಮೇಲೆ ಕೆಲಸ ಮಾಡುವೆನೆನ್ನುವವನಿಗೆ ಅದು ಬರುವುದೇ ಇಲ್ಲ. ಕೆಲಸಕ್ಕೆ ಕುಳಿತವನ ಬಳಿಗೆ ಅದು ತಾನಾಗಿ ಬರುತ್ತದೆ.

ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಕನ್ನಡಿಗರ ಪರಂಪರೆ ಈ ಮುಂಬಯಿ ಪ್ರಾಂತದ್ದು. ಅವರಿಗಿಂತ ನಮ್ಮ ಅನುಕೂಲಗಳು ಹೆಚ್ಚು. ಕನ್ನಡಕ್ಕೆ ಇನ್ನೂ ಆಗಬೇಕಾದ ಗಣಕ ಕಾರ್ಯಗಳು ಬಹಳವಿವೆ. ಅವನ್ನು ಕನ್ನಡ ಓದಿದ ನಾವು ಮಾಡದಿದ್ದರೆ ಮತ್ತಾರು ಮಾಡುವರು?

ಅಭ್ಯಾಸಕ್ಕೆ

1. ಹತ್ತುವ, ಇಳಿಯುವ ನಿಲ್ದಾಣಗಳು ಒಂದೇ ಆಗಿದ್ದರೆ ನಮ್ಮ ತಿದ್ದಿದ ವಿಧಿಯು ಏನೆಂದು ಉತ್ತರಿಸುತ್ತದೆ? ಅದನ್ನು ಸರಿಪಡಿಸಿರಿ.

2. ಗಣಕದಲ್ಲಿ ಪ್ರತಿ ಅಕ್ಷರಕ್ಕೂ ಯುನಿಕೋಡ್ ಪದ್ಧತಿಯ ಒಂದು ಸಂಖ್ಯೆಯುಂಟು. "ಕ" 3221, "ಖ" 3222. ಹೀಗೆ "ನ" 3240. ಆದರೆ "ಪ" 3242! ನಡುವಿನ 3241ರ ಸ್ಥಾನ ಕನ್ನಡದಲ್ಲಿ ಖಾಲಿ. ತಮಿಳಿನ ಪಟ್ಟಿಯಲ್ಲಿ ಅದೇ ಸ್ಥಾನದಲ್ಲಿ ಒಂದು ಅಕ್ಷರವಿದೆ. ಅದು ಯಾವುದೆಂದು ಹುಡುಕಿ, ನಮ್ಮಲ್ಲಿ ಸ್ಥಾನವು ಏಕೆ ಖಾಲಿಯಿದೆಯೆಂದು ಯೋಚಿಸಿರಿ.