ಬೀದರಿನ ಸುರಂಗಕ್ಕೆ ಇಳಿಯುವ ಮುನ್ನ

ಬೀದರಿಗೆ ಬರುವ ನೆಂಟರ ಮಕ್ಕಳು ಮೊದಲೆಲ್ಲ ಕೋಟೆ ನೋಡಿ, ಒಂದೆರಡು ಬಿದ್ರಿ ಸಾಮಾನು ಕೊಂಡು ಹೋಗುತ್ತಿದ್ದರು. ಈಗ ಬಸ್ಸಿಳಿದ ಕೂಡಲೇ "ಕಾಕಾ, ಆ ಕರೇಜ್ ಸುರಂಗ ಎಲ್ಲದ? ಒಳಗ ಇಳೀಬಹುದಾ?" ಎಂದು ಕೇಳುತ್ತಾರೆ. ಕೇಳಲಿ, ಒಳ್ಳೆಯದೇ. ಆರುನೂರು ವರ್ಷದ ಹಿಂದೆ ನೆಲದಡಿ ಕೊರೆದ ನೀರಿನ ದಾರಿ ನಮ್ಮ ಕಾಲಡಿಯಲ್ಲೇ ಇದೆ ಅನ್ನುವುದು ಊರಿನ ಬಹುಪಾಲು ಜನಕ್ಕೇ ಮರೆತುಹೋಗಿತ್ತು. ಆದರೆ ಸುರಂಗ ಕೋಟೆಯ ಬುರುಜಲ್ಲ. ಅಲ್ಲಿ ಕಾಲಿಡುವ ರೀತಿ ಬೇರೆ, ಕಣ್ಣು ಹಾಯಿಸುವ ರೀತಿಯೂ ಬೇರೆ. ಹೊರಡುವ ಮುನ್ನ ಈ ಹಿರಿಯನ ನಾಲ್ಕು ಮಾತು ಕೇಳಿಸಿಕೊಳ್ಳಿ.

ಮನೆ ಬಿಡುವ ಮುನ್ನ

• ಏನನ್ನು ನೋಡಲು ಹೊರಟಿದ್ದೀರಿ ಅಂತ ಮೊದಲು ತಿಳಿಯಿರಿ. ಬಹಮನಿ ಸುಲ್ತಾನ ಒಂದನೇ ಅಹ್ಮದ್ ಷಾ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಊರು ಇರುವುದು ಎತ್ತರದ ಪ್ರಸ್ಥಭೂಮಿಯ ಮೇಲೆ, ಪಕ್ಕದಲ್ಲಿ ಹರಿಯುವ ನದಿಯಿಲ್ಲ. ದರಬಾರು, ದಂಡು, ಪೇಟೆ ಎಲ್ಲ ಬಂದಮೇಲೆ ನೀರು ಬೇಡವೇ? ಇರಾನಿನ ಒಣನಾಡಿನ ಜನ ಸಾವಿರಾರು ವರ್ಷಗಳಿಂದ ಬಲ್ಲ ಒಂದು ವಿದ್ಯೆ ಆಗ ಇಲ್ಲಿಗೆ ಬಂತು. ಅದೇ ಕರೇಜ್. ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಇಲ್ಲಿ ಮೂರು ಹೆಸರು ಕೇಳುತ್ತೀರಿ. ಜನ ನೋಡಲು ಹೋಗುವುದು ಹೆಚ್ಚಾಗಿ ನೌಬಾದಿನದ್ದು. ಎರಡು ಕಿಲೋಮೀಟರಿಗೂ ಮಿಕ್ಕಿದ ಸುರಂಗ, ಅದರ ಮೇಲೆ ಸಾಲಾಗಿ ಇಪ್ಪತ್ತಕ್ಕೂ ಹೆಚ್ಚು ಬಾವಿಗಳು.

• ಅದರ ಕೆಲಸ ಹೀಗೆ. ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವವರೆಗೆ ಒಂದು ಬಾವಿ ತೋಡುತ್ತಾರೆ, ಅದು ತಾಯಿಬಾವಿ. ಅಲ್ಲಿಂದ ಊರಿನ ಕಡೆಗೆ ನೆಲದಡಿಯಲ್ಲಿ ಸಣ್ಣ ಇಳಿಜಾರಿನ ಸುರಂಗ ಕೊರೆಯುತ್ತಾರೆ. ನಡುನಡುವೆ ಮೇಲಿನಿಂದ ಇಳಿಬಾವಿಗಳು. ಅಗೆದ ಮಣ್ಣು ಅಲ್ಲಿಂದಲೇ ಮೇಲೆ, ಗಾಳಿ ಬೆಳಕು ಅಲ್ಲಿಂದಲೇ ಕೆಳಗೆ. ಇಳಿಜಾರು ಹೆಚ್ಚಾದರೆ ನೀರು ರಭಸದಲ್ಲಿ ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕಟ್ಟುತ್ತದೆ. ಸಾವಿರ ಅಡಿಗೆ ಒಂದಡಿಯಷ್ಟೇ ಇಳಿಸುವುದು ಈ ಕಸುಬಿನವರ ಲೆಕ್ಕ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ನಡೆದು ಬರುತ್ತದೆ. ಇಷ್ಟು ತಿಳಿಯದೆ ಇಳಿದವರಿಗೆ ಕಾಣುವುದು ಕತ್ತಲು, ಬಾವಲಿ ಎರಡೇ.

• ಕಾಲ ನೋಡಿ ಬನ್ನಿ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ತಂಪು. ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಬಿಸಿಲೇ ನಿಮ್ಮನ್ನು ಸುಸ್ತು ಮಾಡುತ್ತದೆ. ಮಳೆಗಾಲದಲ್ಲಂತೂ ಒಳಗೆ ಇಳಿಯುವ ಮಾತೇ ಬೇಡ. ನೆಲಕ್ಕೆ ಇಂಗಿದ ಮಳೆ ನೀರನ್ನು ಹಿಡಿದು ತರಲೆಂದೇ ಕಟ್ಟಿದ ದಾರಿ ಅದು, ತನ್ನ ಕೆಲಸ ತಾನು ಮಾಡುತ್ತದೆ.

• ಕೇಳದೆ ಇಳಿಯಬೇಡಿ. ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲೋ ಜಿಲ್ಲಾಡಳಿತದಲ್ಲೋ ವಿಚಾರಿಸಿ, ದಾರಿ ಬಲ್ಲ ಸ್ಥಳೀಯರನ್ನು ಜೊತೆ ಮಾಡಿಕೊಳ್ಳಿ. ಒಳಗೆ ಬಿಡುವುದಿಲ್ಲ ಅಂದರೆ ಅದಕ್ಕೊಂದು ಕಾರಣವಿರುತ್ತದೆ. ವಾದಕ್ಕೆ ಇಳಿಯದೆ ಮೇಲಿನದನ್ನು ನೋಡಿ ಬನ್ನಿ, ಅಲ್ಲೂ ನೋಡುವುದು ಬೇಕಾದಷ್ಟಿದೆ.

• ಕಾಲಿಗೆ ಹಿಂದೆ ಪಟ್ಟಿಯಿರುವ, ತಳ ಜಾರದ ಚಪ್ಪಲಿ ಅಥವಾ ಬೂಟು. ಹವಾಯಿ ಚಪ್ಪಲಿ ಕೆಸರಲ್ಲಿ ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಸೆರಗು, ದುಪಟ್ಟಾ ಸೊಂಟಕ್ಕೆ ಬಿಗಿಯಿರಿ. ತಲೆಗೊಂದು ಹೆಲ್ಮೆಟ್ಟು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ದಪ್ಪ ರುಮಾಲಾದರೂ ಇರಲಿ.

• ಮೊಬೈಲ್ ಟಾರ್ಚು ನಂಬಬೇಡಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ಬ್ಯಾಟರಿ ಇರಲಿ, ಚೀಲದಲ್ಲಿ ಇನ್ನೊಂದಿರಲಿ. ನೆಲದಡಿ ಸಿಗ್ನಲ್ ಸಿಗದು. ಆದ್ದರಿಂದ ಎಷ್ಟು ಜನ ಇಳಿದಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮೇಲೆ ಒಬ್ಬರಿಗೆ ಹೇಳಿಯೇ ಇಳಿಯಿರಿ.

ಮೊದಲು ನೆಲದ ಮೇಲೆ ನಡೆಯಿರಿ

• ಬಾವಿಯಿಂದ ಬಾವಿಗೆ ನಡೆದು ನೋಡಿ. ಮೇಲೆ ಕಾಣುವ ಆ ಬಾವಿಗಳ ಸಾಲೇ ಕೆಳಗಿನ ಸುರಂಗದ ನಕ್ಷೆ. ಎಲ್ಲಿ ನೇರ ಹೋಗಿದೆ, ಎಲ್ಲಿ ತಿರುಗಿದೆ, ನೆಲ ಯಾವ ಕಡೆಗೆ ಇಳಿದಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

• ಬಾವಿಯ ಅಂಚಿಗೆ ಹೋಗಬೇಡಿ. ಕೆಲವಕ್ಕೆ ಕಟ್ಟೆಯಿದೆ, ಜಾಲರಿಯಿದೆ, ಕೆಲವಕ್ಕೆ ಏನೂ ಇಲ್ಲ. ಹುಲ್ಲು ಬೆಳೆದ ಜಾಗದಲ್ಲಿ ಅಂಚು ಎಲ್ಲಿ ಮುಗಿಯುತ್ತದೆ ಅಂತಲೇ ತಿಳಿಯದು. ಬಗ್ಗಿ ನೋಡಲೇಬೇಕೆಂದರೆ ಹೊಟ್ಟೆಯ ಮೇಲೆ ಮಲಗಿ ನೋಡಿ, ಕಾಲನ್ನು ಇನ್ನೊಬ್ಬರು ಹಿಡಿದಿರಲಿ. ಬೆನ್ನು ತಿರುಗಿಸಿ ಸೆಲ್ಫಿ ಹಿಡಿಯುವ ಜಾಗ ಇದಲ್ಲ.

• ಕಲ್ಲನ್ನು ಕೈಯಲ್ಲಿ ಮುಟ್ಟಿ ನೋಡಿ. ಮೇಲಿರುವುದು ಕೆಂಪು ಜಂಬಿಟ್ಟಿಗೆ. ಮೈಯೆಲ್ಲ ತೂತು, ಉಗುರಿನಿಂದ ಕೆರೆದರೆ ಕೆಂಪು ಪುಡಿ ಅಂಟುತ್ತದೆ. ಒಣ ಕಡಕ್ ರೊಟ್ಟಿ ಸಾರು ಹೀರುವ ಹಾಗೆ ಮಳೆ ನೀರನ್ನು ಹೀರಿಕೊಳ್ಳುತ್ತದೆ. ಅದರ ಕೆಳಗೆ ನೀರನ್ನು ಸುಲಭಕ್ಕೆ ಬಿಡದ ಗಟ್ಟಿ ಕರಿಕಲ್ಲು. ಎರಡೂ ಕೂಡುವ ಕಡೆ ನೀರು ನಿಂತು ಪಕ್ಕಕ್ಕೆ ಹರಿಯುತ್ತದೆ. ಕರೇಜ್ ತೋಡಿದವರು ಹಿಡಿದಿದ್ದು ಈ ಗುಟ್ಟನ್ನೇ. ಗುರುನಾನಕ್ ಝೀರಾ ಗುರುದ್ವಾರದಲ್ಲಿ ಬತ್ತದೆ ಒಸರುವ ಒರತೆ ಇದೆಯಲ್ಲ, ಅದರ ಹಿಂದೆಯೂ ಇರುವುದು ಇದೇ ನೆಲದ ಗುಣ. ಬೆಳಗ್ಗೆ ಅಲ್ಲಿಗೆ ಹೋಗಿ, ಲಂಗರಿನಲ್ಲಿ ಪ್ರಸಾದ ಮುಗಿಸಿ, ಆಮೇಲೆ ನೌಬಾದಿಗೆ ಬನ್ನಿ. ಆಗ ಎರಡೂ ಚೆನ್ನಾಗಿ ಅರ್ಥವಾಗುತ್ತವೆ.

• ಗುಪ್ತದಾರಿಯ ಕಥೆಗೆ ಕಿವಿಗೊಡಿ, ನಂಬಬೇಡಿ. "ಈ ಸುರಂಗ ಸೀದಾ ಗೋಲ್ಕೊಂಡಕ್ಕ ಹೋಗ್ತದ್ರೀ, ರಾಜ ಕುದುರಿ ಮ್ಯಾಲ ಓಡಿಹೋಗಿದ್ದ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೋಟೆಯಿರುವ ಊರಿಗೆಲ್ಲ ಇಂಥ ಕಥೆಯೊಂದು ಇದ್ದೇ ಇರುತ್ತದೆ. ಕೇಳಿ ನಗಿ, ಸಾಕು. ನಿಧಿಯ ಮಾತು ಎತ್ತಿದವರಿಂದ ಮಾತ್ರ ದೂರವಿರಿ. ನಿಧಿ ಅಂತ ಅಗೆದವರು ನೀರಿನ ದಾರಿಯನ್ನೇ ಕೆಡಿಸುತ್ತಾರೆ.

• ಝರಣಿ ನರಸಿಂಹನನ್ನು ಕರೇಜ್ ಜೊತೆ ಕಲೆಸಬೇಡಿ. ಮಂಗಲಪೇಟೆಯ ಆ ದೇವಸ್ಥಾನದಲ್ಲಿ ಸುಮಾರು 300 ಮೀಟರ್ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದರ್ಶನ ಮಾಡಬೇಕು. ಅಲ್ಲಿ ದೀಪ, ಗಾಳಿ ಯಂತ್ರ, ನೋಡಿಕೊಳ್ಳುವ ಜನ ಇದ್ದಾರೆ. ಗರ್ಭಿಣಿಯರು, ಉಬ್ಬಸದವರು, ಹೃದಯದ ತೊಂದರೆಯವರು ಹೊರಗಿನಿಂದಲೇ ಕೈ ಮುಗಿಯಲಿ. ಜಾತ್ರೆ, ಶ್ರಾವಣದ ನೂಕುನುಗ್ಗಲಿನಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನುಗ್ಗುವ ಸಾಹಸ ಬೇಡ.

ಒಳಗೆ ಇಳಿದ ಮೇಲೆ

• ಮೊದಲು ಗಾಳಿ, ಆಮೇಲೆ ಕಾಲು. ಇಳಿದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಉಸಿರಾಡಿ. ತಲೆ ಭಾರ, ಕಣ್ಣು ಮಂಜು, ಏದುಸಿರು, ವಾಕರಿಕೆ ಯಾವುದು ಕಂಡರೂ ಹಿಂದೆ ಬನ್ನಿ. ಕೊಳೆತ ಮೊಟ್ಟೆಯ ವಾಸನೆ ಬಂದರಂತೂ ಒಂದು ಹೆಜ್ಜೆಯೂ ಮುಂದಿಡಬೇಡಿ, ಅದು ಚರಂಡಿಯ ವಿಷಗಾಳಿ. ಆ ಅನಿಲ ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದಿಲ್ಲ. ಹಾಗಾಗಿ ವಾಸನೆ ನಿಂತಿತು ಅಂತ ಧೈರ್ಯ ಮಾಡಬಾರದು.

• ಒಳಗೆ ಒಬ್ಬರು ಬಿದ್ದರೆ ಇನ್ನೊಬ್ಬರು ಹಿಂದೆಯೇ ಇಳಿಯಬೇಡಿ. ಹಾಳುಬಾವಿ, ಮ್ಯಾನ್‌ಹೋಲುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಜೀವ ಕಳೆದುಕೊಳ್ಳುವುದು ಹೀಗೆಯೇ. ಮೇಲೆ ಬಂದು 112ಕ್ಕೆ ಫೋನು ಮಾಡಿ. ಹೃದಯ ಕಲ್ಲು ಮಾಡಿಕೊಂಡು ಪಾಲಿಸಬೇಕಾದ ಮಾತು ಇದು.

• ಹಣತೆ, ಮೇಣದಬತ್ತಿ, ಬೀಡಿ ಯಾವುದೂ ಬೇಡ. ಹಿಂದೆ ಸುರಂಗ ತೋಡುವವರು ಎರಡು ದೀಪಗಳನ್ನು ಹಿಂದುಮುಂದಾಗಿ ಇಟ್ಟು, ಅವು ಒಂದೇ ಗೆರೆಯಲ್ಲಿ ಕಾಣುವ ಹಾಗೆ ನೇರ ಅಗೆಯುತ್ತಿದ್ದರು. ದೀಪ ಕುಗ್ಗಿದರೆ ಗಾಳಿ ಸಾಲದು ಅಂತ ಮೇಲೆ ಬರುತ್ತಿದ್ದರು. ಅದು ಶುದ್ಧ ನೀರಿನ ಸುರಂಗದ ಕಾಲದ ಮಾತು. ಈಗ ಎಲ್ಲಿ ಯಾರ ಮನೆಯ ಕೊಳಚೆ ಸೇರಿದೆಯೋ, ಅದರ ಅನಿಲಕ್ಕೆ ಬೆಂಕಿ ತಗುಲಿದರೆ ಗತಿಯೇನು?

• ಸಾಲಾಗಿ ನಡೆಯಿರಿ. ದಾರಿ ಬಲ್ಲವರು ಮುಂದೆ, ಗಟ್ಟಿಗರೊಬ್ಬರು ಹಿಂದೆ, ಅಳುಕುವವರು ನಡುವೆ. ಮುಂದಿನವರ ಬೆನ್ನು ಕಾಣುವಷ್ಟು ಅಂತರವಿರಲಿ. ಒಂದು ಇಳಿಬಾವಿಯ ಬೆಳಕಿನಿಂದ ಮುಂದಿನ ಬೆಳಕಿನವರೆಗೆ ಹೋಗಿ, ಅಲ್ಲಿ ನಿಂತು ತಲೆ ಎಣಿಸಿ, ಮುಂದಕ್ಕೆ ಹೋಗಬೇಕೋ ಬೇಡವೋ ಅಂತ ಆಗ ತೀರ್ಮಾನಿಸಿ.

• ನೀರಿದ್ದರೆ ಕೋಲು ಊರಿ ಆಳ ನೋಡಿ ಹೆಜ್ಜೆ ಇಡಿ. ಮೊಣಕಾಲು ದಾಟಿದ ಕೂಡಲೇ ತಿರುಗಿ ಬನ್ನಿ. ಕೈಯನ್ನು ಗೋಡೆಯ ಸಂದಿಗೆ ತೂರಿಸಬೇಡಿ, ತಂಪು ಹುಡುಕಿಕೊಂಡು ಹಾವು ಚೇಳುಗಳೂ ಬಂದಿರುತ್ತವೆ.

• ಬಾವಲಿಗಳ ಮುಖಕ್ಕೆ ಬೆಳಕು ಬಿಡಬೇಡಿ, ಕೂಗಬೇಡಿ. ಅವುಗಳ ಹಿಕ್ಕೆ ಒಣಗಿ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಮಾಸ್ಕ್ ಹಾಕಿ, ಹೊರಬಂದ ಮೇಲೆ ಕೈಕಾಲು ಸೋಪಿನಲ್ಲಿ ತೊಳೆಯಿರಿ. ಒಳಗಿನ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ.

• ಗೋಡೆಗೆ ಬೆಳಕನ್ನು ಪಕ್ಕದಿಂದ ಬಿಡಿ. ನೇರ ಬಿಟ್ಟರೆ ಬರೀ ಕೆಂಪು ಗೋಡೆ ಕಾಣುತ್ತದೆ. ಓರೆಯಾಗಿ ಹಿಡಿದರೆ ಉಳಿ, ಹಾರೆಗಳ ಏಟಿನ ಗೀರುಗಳು ಒಂದೊಂದಾಗಿ ಎದ್ದು ಬರುತ್ತವೆ. ಅಗೆದವನ ಕೈ ಯಾವ ಕಡೆಯಿಂದ ಬೀಸಿತ್ತು ಅಂತ ಆ ಗೀರಿನ ಓಟದಲ್ಲೇ ಕಾಣುತ್ತದೆ. ಅವನ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ, ಆ ಗೀರೇ ಅವನ ಸಹಿ. ಅದರ ಮೇಲೆ ನಿಮ್ಮ ಹೆಸರು ಕೆತ್ತುವ ಬುದ್ಧಿ ಬಾರದಿರಲಿ.

ಹೊರಬಂದ ಮೇಲೆ

• ಅಷ್ಟೂರಿಗೆ ಹೋಗಿ. ಅಹ್ಮದ್ ಷಾನ ಗೋರಿ ಇರುವುದು ಅಲ್ಲಿ. ದಾರಿಯಲ್ಲೇ ಖಲೀಲುಲ್ಲಾನ ಗೋರಿ ಚೌಖಂಡಿ ಸಿಗುತ್ತದೆ. ಇರಾನಿನ ಕಿರ್ಮಾನಿನ ಸೂಫಿ ಸಂತ ಶಾ ನಿಯಾಮತುಲ್ಲಾನ ಮನೆತನದವನು ಈ ಖಲೀಲುಲ್ಲಾ, ಆ ಮನೆತನದವರನ್ನು ಸುಲ್ತಾನನೇ ಗೌರವದಿಂದ ಬರಮಾಡಿಕೊಂಡಿದ್ದ. ಕಿರ್ಮಾನ್ ಸೀಮೆ ಇಂಥ ನೀರಿನ ಸುರಂಗಗಳಿಗೆ ಹೆಸರಾದ ನಾಡು. 2016ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಇರಾನಿನ 11 ಸುರಂಗಗಳಲ್ಲಿ ಅಲ್ಲಿಯವೂ ಇವೆ. ಇರಾನಿನಿಂದ ಸಂತರೂ ಬಂದರು, ಲಿಪಿಕಾರರೂ ಬಂದರು. ನೀರಿನ ವಿದ್ಯೆಯೂ ಅಲ್ಲಿಂದ ಬಂದದ್ದೇ.

• ಸಮಯವಿದ್ದರೆ ವಿಜಯಪುರವನ್ನೂ ಸೇರಿಸಿಕೊಳ್ಳಿ. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ ಊರಿಗೆ ನೆಲದಡಿಯಲ್ಲೇ ನೀರು ತಂದಿದ್ದರು, ಸುರಂಗ ಬಾವಡಿ ಆ ದಾರಿಯದು. 1651ರ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಅದರ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಎಂಬ ಗೋಪುರಗಳು ಇವತ್ತಿಗೂ ರಸ್ತೆ ಬದಿಯಲ್ಲಿ ನಿಂತಿವೆ. ಗೋಳಗುಮ್ಮಟ ನೋಡಲು ಹೋಗುವವರು ಅವುಗಳ ಪಕ್ಕದಲ್ಲೇ ಹಾದುಹೋಗುತ್ತಾರೆ, ತಲೆ ಎತ್ತಿ ನೋಡುವವರು ಕಡಿಮೆ.

• ಕರಾವಳಿಯ ಕಡೆಯವರು ತಮ್ಮೂರಿನ ಸುರಂಗವನ್ನು ಸಣ್ಣದೆಂದು ತಿಳಿಯಬೇಡಿ. ದಕ್ಷಿಣ ಕನ್ನಡ, ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ರೈತರೇ ಅಡ್ಡ ಸುರಂಗ ಕೊರೆದು ನೀರು ಪಡೆದಿದ್ದಾರೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದು, ಐದು ಸುರಂಗ ವ್ಯರ್ಥವಾದರೂ ಬಿಡದೆ ಆರನೆಯದರಲ್ಲಿ ನೀರು ಕಂಡು ತೋಟ ಎಬ್ಬಿಸಿದವರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನೀರಿನ ಸುರಂಗ ಸುಲ್ತಾನರ ಸ್ವತ್ತು ಮಾತ್ರ ಅಲ್ಲ.

• ಉಳಿಸಿದವರನ್ನೂ ನೆನೆಯಿರಿ. ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಬೀದರಿನ ಕರೇಜ್ ಬಾವಿಗಳ ಜಾಡು ಹಿಡಿದು ಸುರಂಗದ ನಕ್ಷೆ ಮಾಡಿದರು. ಅನುರಾಗ್ ತಿವಾರಿ ಬೀದರಿನ ಜಿಲ್ಲಾಧಿಕಾರಿಯಾಗಿದ್ದಾಗ, ಬರಗಾಲದ 2016ರಲ್ಲಿ, ಹೂಳು ತೆಗೆಯುವ ಕೆಲಸ ಜೋರಾಗಿ ನಡೆಯಿತು. ಬುಟ್ಟಿ ಬುಟ್ಟಿ ಕೆಸರು ಹೊತ್ತ ಕೂಲಿಯವರ ಹೆಸರು ಎಲ್ಲೂ ಬರಲಿಲ್ಲ. ನೀವು ಒಳಗೆ ನಿಂತು ಫೋಟೊ ತೆಗೆಯುವಂತಾಗಿದ್ದು ಅವರ ಬೆನ್ನ ಮೇಲೆ.

• ಕಸ ಬಿಟ್ಟು ಬರಬೇಡಿ, ಕಂಡ ಕಸವನ್ನು ಬಿಟ್ಟೂ ಬರಬೇಡಿ. ಬಾವಿಗೆ ಹಾಕಿದ ಒಂದು ಕುರ್‌ಕುರೆ ಚೀಟು, ಒಂದು ನೀರಿನ ಬಾಟಲಿ ಕೆಳಗೆ ಇಳಿಜಾರಿನ ಕಿರಿದಾದ ಕಡೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಹೂಳು ಕಟ್ಟುತ್ತದೆ.

ಕೊನೆಗೊಂದು ಮಾತು. ಸುರಂಗ ಕೆಡುವುದು ಒಳಗೆ ಇಳಿಯುವವರಿಂದ ಕಡಿಮೆ, ಮೇಲೆ ವಾಸಿಸುವವರಿಂದ ಹೆಚ್ಚು. ಇಳಿಬಾವಿಯ ಮೇಲೆ ಸೈಟು ಮಾಡಿದರೆ ಗಾಳಿ ನಿಂತಿತು. ನೆಲಕ್ಕೆಲ್ಲ ಕಾಂಕ್ರೀಟು ಬಳಿದರೆ ಮಳೆ ಇಂಗುವುದು ನಿಂತಿತು. ಪಕ್ಕದಲ್ಲಿ ಆಳದ ಬೋರ್‌ವೆಲ್ ಕೊರೆದರೆ ಸುರಂಗಕ್ಕೆ ಬರಬೇಕಾದ ನೀರು ಕೆಳಗೆ ಜಾರಿತು. ಕರೇಜ್ ನೋಡಿ ಬೆರಗಾಗಿ ಊರಿಗೆ ಹೋದವರು ನಿಮ್ಮ ಊರಿನ ಹಳೆಯ ಬಾವಿ ಎಲ್ಲಿದೆ, ಅದಕ್ಕೆ ಮಳೆ ನೀರು ಯಾವ ದಾರಿಯಿಂದ ಬರುತ್ತಿತ್ತು ಅಂತ ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಆ ದಾರಿಯನ್ನು ಯಾರೂ ಮುಚ್ಚದಂತೆ ನೋಡಿಕೊಳ್ಳಿ.