ಕಾದಂಬರಿಕಾರನ ಓದು ಮತ್ತು ಕಥನಕೌಶಲ: ಕುವೆಂಪು ಅವರ ಎರಡು ಕಾದಂಬರಿಗಳನ್ನು ಅನುಲಕ್ಷಿಸಿ

ಕಥೆ ಬರೆಯಲು ತೊಡಗುವವರಿಗೆ ಹಿರಿಯರು ಕೊಡುವ ಮೊದಲ ಸಲಹೆ ‘ಹೆಚ್ಚು ಓದಿ’ ಎಂಬುದು. ಹೆಚ್ಚು ಓದಿದರೆ ಸ್ವಂತಿಕೆ ಕಳೆದುಹೋದೀತೆಂಬ ಅಳುಕು ಕಿರಿಯರದು. ಸಲಹೆಯಾಗಲಿ ಅಳುಕಾಗಲಿ, ಎರಡೂ ಓದನ್ನು ಒಂದು ಸಂಗ್ರಹವೆಂದೇ ಭಾವಿಸುತ್ತವೆ. ಓದು ಕಥನಕೌಶಲವಾಗಿ ಮಾರ್ಪಡುವುದು ಹೇಗೆ ಎಂಬ ಮುಖ್ಯ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳ ನೆರವಿನಿಂದ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುವೆಂಪು ಅವರ ಆರಂಭದ ಓದು ಬಹುಮಟ್ಟಿಗೆ ಇಂಗ್ಲಿಷಿನದು. ಆ ಓದಿನ ಮೊದಲ ಫಲವೂ ಇಂಗ್ಲಿಷಿನಲ್ಲಿಯೇ ಬಂದಿತು. ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಕವನಸಂಕಲನ 1922ರಲ್ಲಿ ಪ್ರಕಟವಾಯಿತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮಾತೃಭಾಷೆಯಲ್ಲಿ ಬರೆಯುವಂತೆ ಸೂಚಿಸಿದ್ದು ಪ್ರಸಿದ್ಧ ಸಂಗತಿ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವರು ಬರವಣಿಗೆಯ ಭಾಷೆಯನ್ನು ಬದಲಿಸಿದರೇ ಹೊರತು ಓದಿನ ವ್ಯಾಪ್ತಿಯನ್ನು ಕುಗ್ಗಿಸಲಿಲ್ಲ. ಟಾಲ್‌ಸ್ಟಾಯ್‌ರಂಥವರ ಬೃಹತ್ ಕಾದಂಬರಿಗಳನ್ನು ಓದಿದ್ದ ಅವರಿಗೆ ಕನ್ನಡದಲ್ಲಿಯೂ ಅಂಥ ಹರವು ಸಾಧ್ಯವೆಂಬ ನಂಬಿಕೆ ಮೂಡಿರಬೇಕು.

‘ಕಾನೂರು ಹೆಗ್ಗಡಿತಿ’ಯಲ್ಲಿ ಈ ಓದು ಕಣ್ಣಿಗೆ ಕಾಣುವಂತಿದೆ. ಕಥಾನಾಯಕ ಹೂವಯ್ಯ ಸ್ವತಃ ಓದುಗ. ಮೈಸೂರಿನಲ್ಲಿ ವಿದ್ಯಾಭ್ಯಾಸ ಮಾಡಿದ ಈ ತರುಣ ಚಂದ್ರಯ್ಯಗೌಡರ ಮನೆತನದ ಬಿರುಕುಗಳನ್ನು ಹೊಸ ವಿಚಾರಗಳ ಬೆಳಕಿನಲ್ಲಿ ನೋಡುತ್ತಾನೆ. ಲೇಖಕರ ಓದು ಒಂದು ಪಾತ್ರದ ಓದಾಗಿ ಕಾದಂಬರಿಯನ್ನು ಪ್ರವೇಶಿಸಿದೆ. ಇದು ದೋಷವಲ್ಲ, ಆ ಕಾಲದ ಮಲೆನಾಡಿನ ವಿದ್ಯಾವಂತರ ಒಳತೋಟಿಯನ್ನು ಹಿಡಿಯಲು ಇದೇ ತಕ್ಕ ಮಾರ್ಗವಾಗಿತ್ತು. ಆದರೂ ನಿರೂಪಕನ ಒಲವು ಹೂವಯ್ಯನ ಕಡೆಗಿರುವುದರಿಂದ, ಅನೇಕ ಕಡೆ ಇತರರ ಬದುಕು ಅವನ ವಿಚಾರದ ಅಳತೆಗೋಲಿಗೆ ಒಳಪಡುತ್ತದೆ.

ಮೂವತ್ತೊಂದು ವರ್ಷಗಳ ಅನಂತರದ ‘ಮಲೆಗಳಲ್ಲಿ ಮದುಮಗಳು’ ಕೃತಿಯಲ್ಲಿ ಇಂಥ ಕೇಂದ್ರಪಾತ್ರವಿಲ್ಲ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಎಲ್ಲರ ಬದುಕೂ ಸಮಾನ ಗಮನಕ್ಕೆ ಪಾತ್ರವಾಗಿದೆ. ಗುತ್ತಿಯ ನಾಯಿ ಹುಲಿಯನಿಗೂ ಪಾತ್ರದ ಘನತೆ ಒದಗಿದೆ. 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನದ ಪ್ರಸ್ತಾಪವೂ ಬರುತ್ತದೆ. ಆದರೆ ವಿಶಾಲ ಜಗತ್ತಿನ ಆ ಘಟನೆ, ಕಾಡುದಾರಿಯಲ್ಲಿ ನಡೆಯುವ ಜೀತದಾಳಿನ ಹೆಜ್ಜೆಗಿಂತ ಮಿಗಿಲೆಂದು ಕಾದಂಬರಿ ಹೇಳುವುದಿಲ್ಲ. ಇಲ್ಲಿ ಓದು ಪಾತ್ರದ ಕೈಯಲ್ಲಿರುವ ಪುಸ್ತಕವಾಗಿ ಉಳಿದಿಲ್ಲ. ಯಾರನ್ನು ನೋಡಬೇಕು, ಎಷ್ಟು ಹೊತ್ತು ನೋಡಬೇಕು ಎಂಬ ನಿರೂಪಕನ ತಾಳ್ಮೆಯಾಗಿ ಪರಿಣಮಿಸಿದೆ. ಹಲವು ಕುಟುಂಬಗಳ ಕಥೆಯನ್ನು ಹೆಣೆಯುವ ಕ್ರಮ ಹೊರಗಿನ ಕಾದಂಬರಿಗಳ ಸಹವಾಸದಿಂದ ಬಲಗೊಂಡಿರಬಹುದು. ಆದರೆ ಆ ಹೆಣಿಗೆಗೆ ಜೀವ ತುಂಬಿದ್ದು ತೀರ್ಥಹಳ್ಳಿ ಸೀಮೆಯ ಆಡುಮಾತು.

ಈ ಬೆಳವಣಿಗೆಗೆ ಓದೊಂದೇ ಕಾರಣವೆನ್ನಲಾಗದು. ಈ ಎರಡು ಕೃತಿಗಳ ನಡುವೆ ‘ಶ್ರೀ ರಾಮಾಯಣ ದರ್ಶನಂ’ (1949) ಮಹಾಕಾವ್ಯದ ದೀರ್ಘ ಸಾಧನೆಯಿದೆ. ತಾನು ಓದಿದ್ದನ್ನು ಬರೆಯುತ್ತ ಬರೆಯುತ್ತ ಪರೀಕ್ಷೆಗೊಡ್ಡಿದ ಲೇಖಕನಿಗೆ ಮಾತ್ರ ಓದು ದಕ್ಕುತ್ತದೆ ಎಂಬುದನ್ನು ಇದು ಸೂಚಿಸುತ್ತದೆ.

ಕಥನವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಇದರಿಂದ ಪಡೆಯಬಹುದಾದ ಪಾಠಗಳು ಮೂರು. ಮೊದಲನೆಯದಾಗಿ, ಮೆಚ್ಚಿದ ಕೃತಿಯನ್ನು ಎರಡು ಬಾರಿಯಾದರೂ ಓದಬೇಕು: ಮೊದಲ ಓದು ಕಥೆಗಾಗಿ, ಎರಡನೆಯದು ಕಟ್ಟಡಕ್ಕಾಗಿ. ಯಾರ ಕಣ್ಣಿನಿಂದ ನೋಡಲಾಗಿದೆ, ಕಾಲ ಎಲ್ಲಿ ನಿಧಾನವಾಗುತ್ತದೆ, ಯಾವುದನ್ನು ಹೇಳದೆ ಬಿಡಲಾಗಿದೆ ಎಂಬುದನ್ನು ಆಗ ಗುರುತಿಸಬೇಕು. ಎರಡನೆಯದಾಗಿ, ಪರಭಾಷೆಯ ಕೃತಿಯ ಒಂದು ಪುಟವನ್ನಾದರೂ ಕನ್ನಡಕ್ಕೆ ತಂದು ನೋಡಬೇಕು. ತನ್ನ ನುಡಿ ಎಲ್ಲಿ ಒಗ್ಗುತ್ತದೆ, ಎಲ್ಲಿ ಮೊಂಡು ಹಿಡಿಯುತ್ತದೆ ಎಂಬುದು ಆಗ ತಿಳಿಯುತ್ತದೆ. ಮೂರನೆಯದಾಗಿ, ಓದಿದ್ದು ಬರವಣಿಗೆಯಲ್ಲಿ ಎದ್ದು ಕಂಡರೆ ನಾಚಬೇಕಾಗಿಲ್ಲ. ಅದು ಆರಂಭದ ಘಟ್ಟ.

ಓದಿನಿಂದ ಸ್ವಂತಿಕೆ ನಾಶವಾಗುತ್ತದೆಂಬ ಅಳುಕಿಗೆ ಕುವೆಂಪು ಅವರ ಈ ಎರಡು ಕೃತಿಗಳೇ ಉತ್ತರ. ವಿಸ್ತಾರವಾದ ಓದು ಅವರನ್ನು ಮಲೆನಾಡಿನಿಂದ ದೂರಕ್ಕೆ ಒಯ್ಯಲಿಲ್ಲ. ಗುತ್ತಿಯ ಬಳಿಗೆ ಕರೆತಂದಿತು.