ಕಾಲು, ರೆಕ್ಕೆಗಳನ್ನು ಎಣಿಸಿರಿ

ಆರು ಕಾಲುಗಳುಳ್ಳ ಹುಳುವೇ ಕೀಟ. ಅದರ ಗಣವನ್ನು ಬಹುಮಟ್ಟಿಗೆ ರೆಕ್ಕೆಗಳಿಂದ ತಿಳಿಯಬಹುದು. ಜೇನು, ಚಿಟ್ಟೆ, ದುಂಬಿಗಳಿಗೆ ನಾಲ್ಕು. ಅವುಗಳ ಗೊಡವೆ ಇಲ್ಲಿ ಬೇಡ. ನೊಣ, ಸೊಳ್ಳೆಗಳಿಗೆ ಎರಡೇ. ಕೂಸಿಗೆ ಭೇದಿಯನ್ನೂ ನಿಮಗೆ ಮಲೇರಿಯಾ, ಡೆಂಗೆಗಳನ್ನೂ ತರುವ ಗಣವಿದು. ನೊಣದ ಮರಿಗಳು ತಿಪ್ಪೆಯಲ್ಲಿ, ಸೊಳ್ಳೆಯವು ನಿಂತ ನೀರಿನಲ್ಲಿ ಬೆಳೆಯುತ್ತವೆ. ಆದುದರಿಂದ ತೊಟ್ಟಿ, ಹಂಡೆಗಳನ್ನು ವಾರಕ್ಕೊಮ್ಮೆ ಬರಿದುಮಾಡಿ, ತಿಕ್ಕಿ ಒಣಗಿಸಿರಿ. ಹೇನಿಗೆ ರೆಕ್ಕೆಯೇ ಇಲ್ಲ. ತಲೆಯಲ್ಲಿಯೇ ಹುಟ್ಟಿ ಬೆಳೆಯುವ ಅದಕ್ಕೆ ಬಾಚಣಿಗೆಯೇ ಮದ್ದು.

ಬೆಳೆದ ಉಣುಗಿಗೆ ಎಂಟು ಕಾಲು. ಅದು ಕೀಟವಲ್ಲ, ಜೇಡನ ಬಳಗ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗು. ಮಲೆನಾಡಿನ ದಂಪತಿಗಳೇ, ಸೌದೆ, ದರಗು ತಂದ ದಿನ ಒಬ್ಬರ ಮೈಯನ್ನೊಬ್ಬರು ತಪ್ಪದೆ ಪರೀಕ್ಷಿಸಿರಿ, ಬಿಸಿನೀರಿನಲ್ಲಿ ಸ್ನಾನಮಾಡಿರಿ. ಅನಂತರ ಜ್ವರ ಬಂದರೆ ಕಾಡಿಗೆ ಹೋದುದನ್ನು ವೈದ್ಯರಿಗೆ ತಿಳಿಸಿರಿ.